ಅಮ್ಮನಿಗೆ ಬಣ್ಣದ ಕುಂಡ: ಆನ್‌ಲೈನ್ ಕಿಟ್ಟೋ, ಪ್ಲಾಸ್ಟಿಕ್ಕೋ, ಸಂತೆಯ ಮಣ್ಣಿನದೋ?

ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ಸಂತೆಯಲ್ಲಿ ಸಿಗುವ ಮಣ್ಣಿನ ಕುಂಡಕ್ಕೆ, ಅದರ ಮೇಲೆ ಅಕ್ರಿಲಿಕ್ ಬಣ್ಣಕ್ಕೆ. ಅದೂ ಮೈತುಂಬಾ ಅಲ್ಲ, ಕಂಠಕ್ಕೆ ಮಾತ್ರ. ಯಾಕೆ ಕಂಠಕ್ಕೆ ಮಾತ್ರ ಅನ್ನುವುದೇ ಇಲ್ಲಿ ದೊಡ್ಡ ವಿಷಯ, ಅದಕ್ಕೆ ಆಮೇಲೆ ಬರುತ್ತೇನೆ.

ಬೇಸಿಗೆ ರಜೆ ಬಂತೆಂದರೆ ಚಿಕ್ಕಮಗಳೂರಿನ ನಮ್ಮ ಮನೆಗೆ ಅಕ್ಕನ ಮಕ್ಕಳು, ತಂಗಿಯ ಮಕ್ಕಳು ಎಲ್ಲ ಬಂದು ಸೇರುತ್ತಾರೆ. ಮೇ ತಿಂಗಳ ಎರಡನೇ ಭಾನುವಾರ ಅಮ್ಮಂದಿರ ದಿನ. 1914ರಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ ಘೋಷಿಸಿದ್ದು, ನಮ್ಮ ಪಂಚಾಂಗದಲ್ಲೇನೂ ಇಲ್ಲ. ಆದರೆ ಸರಿಯಾಗಿ ರಜೆಯ ನಡುವೆ ಬರುತ್ತದೆ. ಟಿ.ವಿ. ಮುಂದಿನಿಂದ ಮಕ್ಕಳನ್ನು ಎಬ್ಬಿಸೋಕೆ ಮಾವನಿಗೂ ಒಂದು ನೆಪ ಬೇಕಲ್ವಾ? ಹಾಗೆ ಶುರುವಾಯಿತು ಕುಂಡಕ್ಕೆ ಬಣ್ಣ ಹಚ್ಚಿ ಅಮ್ಮಂದಿರಿಗೆ ಕೊಡುವ ಕಾರ್ಯಕ್ರಮ. ಅಕ್ಕ ಇರುವುದು ಮೂಡಿಗೆರೆ ಕಡೆ ತೋಟದಲ್ಲಿ, ತಂಗಿ ಕಡೂರಿನಲ್ಲಿ. ಒಂದೇ ಜಿಲ್ಲೆ, ಆದರೆ ಮೂಡಿಗೆರೆಯಲ್ಲಿ ಮಳೆ ನಿಲ್ಲುವುದಿಲ್ಲ, ಕಡೂರಿನಲ್ಲಿ ಬರುವುದಿಲ್ಲ. ಯಾವ ಕುಂಡ ಎಷ್ಟು ಬಾಳುತ್ತೆ ಅಂತ ನೋಡೋಕೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಇಲ್ಲ.

ಮೊದಲು ಆನ್‌ಲೈನ್ ಕಿಟ್. ಡಬ್ಬದ ಮೇಲಿನ ಚಿತ್ರ ನೋಡಿದರೆ ಯಾರಾದರೂ ಮರುಳಾಗುತ್ತಾರೆ. ಒಳಗೆ ಇರುವುದು ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಕುಂಡಗಳು, ಒಂದಕ್ಕೊಂದು ಅಂಟಿದ ಚಿಕ್ಕ ಡಬ್ಬಿಗಳಲ್ಲಿ ಬಣ್ಣ, ಕೂದಲು ಉದುರುವ ಎರಡು ಬ್ರಷ್ಷು. ಬಿಳಿ ಬಣ್ಣ ಮೊದಲ ಕುಂಡಕ್ಕೇ ಖಾಲಿ. ಅದನ್ನೆಲ್ಲ ಸಹಿಸಬಹುದಿತ್ತು. ಆದರೆ ಕುಂಡದ ತಳದಲ್ಲಿ ತೂತೇ ಇಲ್ಲ! ಹೂಕುಂಡ ಅಂತ ಮಾರಿ ತೂತು ಇಡದಿದ್ದರೆ ನೀರು ಎಲ್ಲಿಗೆ ಹೋಗಬೇಕು? ಬೇರು ಕೊಳೆಯುತ್ತದೆ, ಅಷ್ಟೇ. ಡ್ರಿಲ್ ಹಿಡಿದು ತೂತು ಹಾಕೋಕೆ ಹೋದರೆ ಇಷ್ಟು ತೆಳು ಮಣ್ಣು ಸೀಳುತ್ತದೆ, ಸೀಳಿತು ಕೂಡ. ಬಣ್ಣ ಹಚ್ಚಿ ಮುಗಿಸಿದ ಕುಂಡ ಎರಡು ಹೋಳಾದಾಗ ತಂಗಿಯ ಮಗನ ಮುಖ ನೋಡಬೇಕಿತ್ತು. ಉಳಿದದ್ದರಲ್ಲಿ ಒಂದು ಈಗ ಅಕ್ಕನ ಮನೆಯಲ್ಲಿ ಬಟ್ಟೆ ಕ್ಲಿಪ್ಪು ಹಾಕಿಡುವ ಡಬ್ಬಿ.

ಪ್ಲಾಸ್ಟಿಕ್ ಕುಂಡದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಗ್ಗ, ಹಗುರ, ಒಡೆಯುವುದಿಲ್ಲ. ಆದರೆ ಬಣ್ಣ ಕೂರುವುದಿಲ್ಲ. ನುಣ್ಣನೆ ಮೈ, ಬಣ್ಣಕ್ಕೆ ಹಿಡಿತ ಎಲ್ಲೂ ಸಿಗುವುದಿಲ್ಲ. ಒಣಗಿದ ಮೇಲೆ ಉಗುರು ತಾಗಿಸಿದರೆ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಮಕ್ಕಳಿಗೆ ಅದು ಗೊತ್ತಾದ ಮೇಲೆ ಕೇಳಬೇಕೇ? ಹಚ್ಚುವುದಕ್ಕಿಂತ ಕೀಳುವುದರಲ್ಲೇ ಖುಷಿ. ಉಪ್ಪುಕಾಗದ ಹಾಕಿ ಉಜ್ಜಿದರೆ ಸ್ವಲ್ಪ ಹಿಡಿಯುತ್ತದೆ, ನಿಜ. ಆದರೆ ಉಜ್ಜುವವರು ಯಾರು? ಮಾವ.

ಸಿಮೆಂಟ್ ಕುಂಡ: ಬಸ್ಸಿನಲ್ಲಿ ಹೊತ್ತು ಕಡೂರಿಗೆ ತಲುಪಿಸಬೇಕು ಅಂದಾಗಲೇ ಕೈಬಿಟ್ಟೆ.

ಈಗ ಸಂತೆಯ ಮಣ್ಣಿನ ಕುಂಡ. ಕಂಠದ ಹತ್ತಿರ ದಪ್ಪ ಪಟ್ಟಿ ಇರುತ್ತದಲ್ಲ, ಅಂಥದ್ದು ನೋಡಿ. 10 ಇಂಚಿನದು ಸಾಕು. ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ತಟ್ಟಿ. ಠಣ್ ಅಂದರೆ ಚೆನ್ನಾಗಿ ಬೆಂದಿದೆ. ಬದ್ ಅಂತ ಮಂದ ಸದ್ದು ಬಂದರೆ ಎಲ್ಲೋ ಬಿರುಕಿದೆ ಅಥವಾ ಹಸಿ ಉಳಿದಿದೆ, ಬಿಟ್ಟುಬಿಡಿ. ತಳದ ತೂತು ಒಳಗಿನಿಂದ ಪೂರ್ತಿ ಬಿಟ್ಟಿದೆಯಾ ಅಂತಲೂ ಬೆರಳು ಹಾಕಿ ನೋಡಿ.

ಮಣ್ಣಿನ ಮೇಲೆ ಬಣ್ಣ ಹಚ್ಚುವುದೇ ಬೇರೆ ಅನುಭವ. ಮೊದಲ ಸಲ ಬ್ರಷ್ಷು ತಾಗಿಸಿದ ಕೂಡಲೇ ಕುಂಡ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಬ್ರಷ್ಷು ಮುಂದೆ ಸರಿಯದೆ ಅಲ್ಲೇ ಹಿಡಿದುಕೊಳ್ಳುತ್ತದೆ. 'ಮಾವ, ಇದು ಬಣ್ಣ ಕುಡೀತಿದೆ' ಅಂತ ಅಕ್ಕನ ಮಗಳು ಗಾಬರಿಯಾದಳು. ಕುಡಿಯಲಿ ಬಿಡು ಅಂದೆ. ಅದಕ್ಕೆ ಉಪಾಯ ಸುಲಭ: ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ಪೂರ್ತಿ ಒಣಗಿಸಿ, ಮೊದಲು ನೀರು ಬೆರೆಸಿದ ಬಿಳಿ ಅಕ್ರಿಲಿಕ್ ಒಂದು ಕೈ ಬಳಿಯಿರಿ. ಅದು ಒಣಗಿದ ಮೇಲೆ ಮಕ್ಕಳ ಕೈಗೆ ಕೊಡಿ. ಆಗ ಕೆಂಪು ಕೆಂಪಾಗಿಯೇ ಕಾಣುತ್ತದೆ, ಹಳದಿ ಮಂಕಾಗುವುದಿಲ್ಲ. ಬಿಳಿಯ ದೊಡ್ಡ ಬಾಟಲಿಯನ್ನೇ ತನ್ನಿ, ಮಿಕ್ಕಿದ್ದು ಕೆಂಪು, ಹಳದಿ, ನೀಲಿ ಸಾಕು. ಹಸಿರು ಅವರೇ ಮಾಡಿಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ಎಲ್ಲವೂ ಸೇರಿ ಕೆಸರು ಬಣ್ಣ ಆಗುವುದು ಬೇರೆ ಮಾತು.

ಪೋಸ್ಟರ್ ಕಲರ್ ಮನೆಯಲ್ಲೇ ಇದೆಯಲ್ಲ, ಅದೇ ಸಾಲದಾ ಅಂತ ಕೇಳುತ್ತಾರೆ. ಸಾಲದು. ಅದು ಒಣಗಿದ ಮೇಲೂ ನೀರಿಗೆ ಕರಗುತ್ತದೆ. ಅಕ್ರಿಲಿಕ್ ಹಸಿ ಇರುವಾಗ ನೀರಲ್ಲಿ ತೊಳೆದುಹೋಗುತ್ತದೆ, ಒಣಗಿದ ಮೇಲೆ ಪ್ಲಾಸ್ಟಿಕ್ ಪೊರೆಯ ಹಾಗೆ ಗಟ್ಟಿಯಾಗುತ್ತದೆ. ಮೇ ಎರಡನೇ ಭಾನುವಾರ ಕೊಟ್ಟ ಕುಂಡ ಇನ್ನೊಂದು ತಿಂಗಳೊಳಗೆ ಮೃಗಶಿರ ಮಳೆಗೆ ನಿಲ್ಲಬೇಕು. ಪೋಸ್ಟರ್ ಕಲರ್ ಅಷ್ಟು ದಿನವೂ ಬಾಳುವುದಿಲ್ಲ, ಅಮ್ಮ ನೀರು ಹಾಕಿದ ಮೊದಲ ದಿನವೇ ಜಗಲಿ ಮೇಲೆ ಹರಿಯುತ್ತದೆ.

ಗೇಟಿಗೆ ಹೊಡೆದು ಮಿಕ್ಕ ಆಯಿಲ್ ಪೇಂಟ್ ಬಗ್ಗೆ ನಮ್ಮಪ್ಪನದು ಒಂದೇ ಹಠ: 'ಅದನ್ನೇ ಬಳಿರಿ, ಹತ್ತು ವರ್ಷ ಅಲ್ಲಾಡಲ್ಲ.' ಗಟ್ಟಿ ಅನ್ನುವುದು ಸರಿ. ಆದರೆ ಕೈ ತೊಳೆಯೋಕೆ ಟರ್ಪೆಂಟೈನ್ ಬೇಕು, ವಾಸನೆಗೆ ತಲೆ ಸುತ್ತುತ್ತದೆ. ಅದಕ್ಕಿಂತ ಮುಖ್ಯ, ಮೂಲೆಯಲ್ಲಿದ್ದ ಡಬ್ಬ ಯಾವ ಕಾಲದ್ದೋ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಡಬ್ಬವನ್ನು ಬೆರಳು ಬಾಯಿಗಿಡುವ ಮಕ್ಕಳ ಮುಂದೆ ತೆರೆಯುವುದಿಲ್ಲ ಅಂದೆ. ಅಪ್ಪ ಎರಡು ದಿನ ಮುನಿಸಿಕೊಂಡರು.

ಇನ್ನು ಕಂಠದ ವಿಷಯ. ಮೊದಲ ವರ್ಷದ ಮಣ್ಣಿನ ಕುಂಡಗಳು ಬುಡದಿಂದ ಬಾಯಿಯವರೆಗೆ ಬಣ್ಣ ಬಣ್ಣ. ಮೇಲೆ ವಾರ್ನಿಷ್ ಬೇರೆ. ಕೊಟ್ಟ ದಿನ ಎಲ್ಲರ ಫೋನಿನಲ್ಲೂ ಅದರದ್ದೇ ಫೋಟೋ. ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನ ಫೋನು: 'ಏನೋ ಇದು, ಕುಂಡಕ್ಕೆ ಬೊಕ್ಕೆ ಎದ್ದಿದೆ!' ಹೋಗಿ ನೋಡಿದರೆ ನಿಜವಾಗಿಯೂ ಹಾಗೇ ಇತ್ತು. ನಡುಮೈಯಲ್ಲಿ ಬಣ್ಣ ಗುಳ್ಳೆ ಗುಳ್ಳೆಯಾಗಿ ಉಬ್ಬಿತ್ತು. ಒಂದನ್ನು ಒತ್ತಿದರೆ ಒಳಗಿನಿಂದ ನೀರು ಬಂತು. ಉಗುರಿನಲ್ಲಿ ಎಳೆದರೆ ಹೂವು, ಎಲೆ, ಚಿಟ್ಟೆ ಎಲ್ಲ ಒಂದೇ ಸಿಪ್ಪೆಯಾಗಿ ಕೈಗೆ ಬಂತು.

ನಾನು ಮಳೆ ಹೊಡೆದು ಹೀಗಾಯಿತು ಅಂದುಕೊಂಡು ತಂಗಿಯನ್ನು ಕೇಳಿದೆ. ಕಡೂರಿನ ಕುಂಡ ಮಳೆ ಬೀಳದ ಜಾಗದಲ್ಲಿತ್ತು, ಆದರೂ ಬಣ್ಣ ಎದ್ದಿತ್ತು. ಅಲ್ಲಿ ಗುಳ್ಳೆಯ ಜೊತೆಗೆ ಬಿಳೀ ಉಪ್ಪಿನ ಪುಡಿಯೂ ಇತ್ತು. ಅಂದರೆ ತೊಂದರೆ ಹೊರಗಿನ ಮಳೆಯದ್ದಲ್ಲ, ಒಳಗೆ ಹಾಕುವ ನೀರಿನದ್ದು. ಬೇಸಿಗೆಯಲ್ಲಿ ಮಣ್ಣಿನ ಹೂಜಿ ನೀರನ್ನು ತಣ್ಣಗಿಡುವುದು ಹೇಗೆ? ನೀರು ಮೈಯಿಂದ ಜಿನುಗಿ ಆವಿಯಾಗುವುದರಿಂದ. ಗಿಡದ ಕುಂಡದಲ್ಲೂ ಅದೇ ನಡೆಯುತ್ತದೆ. ನಾವು ಹೊರಗೆ ಅಕ್ರಿಲಿಕ್, ಅದರ ಮೇಲೆ ವಾರ್ನಿಷ್ ಹಾಕಿ ದಾರಿ ಮುಚ್ಚಿದ್ದೆವು. ನೀರು ಬಣ್ಣವನ್ನೇ ತಳ್ಳಿಕೊಂಡು ಬಂತು. ಕಡೂರಿನ ಬೋರ್‌ವೆಲ್ ನೀರು ಗಡಸು, ಗೊಬ್ಬರದ ಉಪ್ಪೂ ಸೇರಿ ಬಿಳಿ ಪುಡಿ ಬಿಟ್ಟಿತ್ತು. ವಾರ್ನಿಷ್ ಜಾಸ್ತಿ ಹೊಡೆದರೆ ಸರಿಹೋಗುತ್ತೆ ಅನ್ನುವವರ ಮಾತು ಕೇಳಬೇಡಿ. ಹೊರಗೆ ಎಷ್ಟು ಬಳಿದರೂ ನೀರು ಬರುವುದು ಹಿಂದಿನಿಂದ.

ಒಳಗೆ ವಾಟರ್‌ಪ್ರೂಫ್ ಬಳಿಯುವುದು ಒಂದು ದಾರಿ. ಆದರೆ ಅದೂ ದುಡ್ಡು, ಒಂದು ದಿನದ ಕೆಲಸ, ಮಣ್ಣಿನ ಕುಂಡದ ಉಸಿರಾಟವೂ ಹೋಯಿತು. ಹಾಗೆ ಮಾಡುವುದಾದರೆ ಪ್ಲಾಸ್ಟಿಕ್ಕೇ ಸಾಕಿತ್ತಲ್ಲ? ಅದೇ ಹಳೇ ಕುಂಡಗಳನ್ನು ಇನ್ನೊಮ್ಮೆ ನೋಡಿದಾಗ ಉತ್ತರ ಅಲ್ಲೇ ಇತ್ತು. ಮಣ್ಣು ತಾಗುವ ಜಾಗದಲ್ಲೆಲ್ಲ ಗುಳ್ಳೆ, ಕಂಠದ ಪಟ್ಟಿಯ ಮೇಲೆ ಒಂದೂ ಇಲ್ಲ. ಅಲ್ಲಿಯವರೆಗೆ ಯಾರೂ ಮಣ್ಣು ತುಂಬುವುದಿಲ್ಲವಲ್ಲ.

ಹಾಗಾಗಿ ಈಗ ಬಣ್ಣ ಪಟ್ಟಿಗೆ ಮಾತ್ರ. ಕೆಳಗೆ ಮಾಸ್ಕಿಂಗ್ ಟೇಪ್ ಸುತ್ತಿದರೆ ಗೆರೆ ನೇರ ಬರುತ್ತದೆ. ಕೆಂಪು ಮಣ್ಣಿನ ಮೈ, ಮೇಲೆ ಎರಡು ಇಂಚು ಬಣ್ಣ. ನನ್ನ ಕಣ್ಣಿಗೆ ಇದೇ ಚೆಂದ. ಮಕ್ಕಳಿಗೂ ಸಣ್ಣ ಜಾಗ ಅಂದರೆ ಬೇಸರ ಬರುವ ಮೊದಲೇ ಕೆಲಸ ಮುಗಿಯುತ್ತದೆ. ಯು.ಕೆ.ಜಿ. ಮಗುವಿಗೆ ಬ್ರಷ್ಷೇ ಬೇಡ, ಹೆಬ್ಬೆರಳು ಬಣ್ಣದಲ್ಲಿ ಅದ್ದಿ ಸುತ್ತ ಒತ್ತುತ್ತಾ ಹೋದರೆ ಎಲೆಯ ಸಾಲು. ದೊಡ್ಡವಳು 'ಅಮ್ಮ' ಅಂತ ಬರೆಯೋಕೆ ಹೊರಟಳು. 'ಅ' ಅರ್ಧ ಕುಂಡ ಸುತ್ತಿತು, 'ಮ್ಮ' ಹಿಂದಕ್ಕೆ ಹೋಯಿತು, ಒತ್ತಕ್ಷರ ಟೇಪಿನ ಮೇಲೆ. ಟೇಪು ಕಿತ್ತಾಗ ಉಳಿದದ್ದು 'ಅಮ'. ಸ್ಕೆಚ್ ಪೆನ್ನಲ್ಲಿ ಒತ್ತು ಕೊಟ್ಟು ಕಳಿಸಿದೆವು.

ಮೈತುಂಬಾ ಬಣ್ಣ ಬೇಕೇ ಬೇಕು ಅನ್ನುವವರಿಗೆ ಇನ್ನೊಂದು ಉಪಾಯ ಇದೆ. ಕಾಫಿ ಸಸಿ ಮಾಡುವ ಕಪ್ಪು ಕವರ್ ನಮ್ಮ ಕಡೆ ಯಾವ ತೋಟದಲ್ಲೂ ಸಿಗುತ್ತದೆ. ಗಿಡವನ್ನು ಆ ಕವರಿನಲ್ಲೇ ಬಿಟ್ಟು, ಕವರ್ ಸಮೇತ ಕುಂಡದೊಳಗೆ ಇಳಿಸಿ. ತಳದಲ್ಲಿ ಜಲ್ಲಿ ಹಾಕಿ ಸ್ವಲ್ಪ ಎತ್ತರಿಸಿ. ಒದ್ದೆ ಮಣ್ಣು ಕುಂಡಕ್ಕೆ ತಾಗದಿದ್ದರೆ ಬಣ್ಣ ಉಳಿಯುತ್ತದೆ. ಬೆಂಗಳೂರಿನ ಬಾಲ್ಕನಿಗೆ ಕಳಿಸುವ ಕುಂಡಕ್ಕೆ ಇದು ಸರಿ. ನನ್ನ ಅಕ್ಕನಂಥವರಿಗೆ ಆಗುವುದಿಲ್ಲ, ಅವಳು ಗಿಡವನ್ನು ವರ್ಷಕ್ಕೆರಡು ಸಲ ಕಿತ್ತು ಪಾಲು ಮಾಡಿ ಅಕ್ಕಪಕ್ಕದವರಿಗೆ ಹಂಚುವವಳು.

ಖರ್ಚಿನ ಲೆಕ್ಕದಲ್ಲೂ ಮಣ್ಣಿನದೇ ಮುಂದೆ. ಬಣ್ಣದ ಬಾಟಲಿಗಳಿಗೆ ಮೊದಲ ವರ್ಷ ದುಡ್ಡು ಬೀಳುತ್ತದೆ. ಮುಚ್ಚಳ ಬಿಗಿಯಾಗಿ ಹಾಕಿಟ್ಟರೆ ಮುಂದಿನ ರಜೆಗೂ ಬರುತ್ತದೆ, ಆಮೇಲೆ ಕುಂಡದ ಬೆಲೆ ಅಷ್ಟೇ. ಕಿಟ್ ಆದರೆ ಪ್ರತಿ ವರ್ಷ ಹೊಸದು. ಮನೆಯಲ್ಲಿ ಒಂದೇ ಮಗು, ಒಂದು ಸಂಜೆ ಕಳೆದರೆ ಸಾಕು, ಗಿಡ ಹಾಕುವ ಯೋಚನೆ ಇಲ್ಲ ಅನ್ನುವವರು ಕಿಟ್ಟನ್ನೇ ತಗೊಳ್ಳಿ. ಪೆನ್ನು ಇಡೋಕೆ ಚೆನ್ನಾಗಿರುತ್ತದೆ.

ಬರೀ ಕುಂಡ ಕೊಡಬೇಡಿ, ಗಿಡ ಹಾಕಿ ಕೊಡಿ. ನಮ್ಮಲ್ಲಿ ಡೇರೆ ಹೂವಿನ (ಡೇಲಿಯಾ) ಗೆಡ್ಡೆ. ಮೇ ತಿಂಗಳು ಅದನ್ನು ಮಣ್ಣಿಗಿಡೋಕೆ ಸರಿಯಾದ ಹೊತ್ತು, ಗೌರಿ ಹಬ್ಬದ ಹೊತ್ತಿಗೆ ಹೂವು. ಕುಂಡಕ್ಕೆ ಕುಳ್ಳ ಜಾತಿಯೇ ಇರಲಿ. ಗೆಡ್ಡೆ ಎಷ್ಟು ದಪ್ಪ ಅಂತ ನೋಡಬೇಡಿ, ತೊಟ್ಟಿನ ಹತ್ತಿರ ಮೊಳಕೆಯ ಕಣ್ಣು ಇದೆಯಾ ನೋಡಿ. ಕಣ್ಣಿಲ್ಲದ ಗೆಡ್ಡೆ ಮೊಳೆಯುವುದಿಲ್ಲ, ಆಮೇಲೆ ಮಕ್ಕಳು ದಿನಾ ಫೋನು ಮಾಡಿ 'ಅಮ್ಮಂದು ಇನ್ನೂ ಯಾಕೆ ಬಂದಿಲ್ಲ ಮಾವ' ಅಂತ ನಿಮ್ಮನ್ನೇ ಕೇಳುತ್ತಾರೆ.