ಓಕ್ ಫ್ಲೋರಿಗೆ ಬೋನಾ ಟ್ರಾಫಿಕ್ ಎಚ್‌ಡಿ ಹಾಕ್ಸಿದ್ವಿ, ನನ್ನ ಅಭಿಪ್ರಾಯ
ನಮ್ಮ ನ್ಯೂಜೆರ್ಸಿ ಮನೇಲಿ ಹಳೇ ರೆಡ್ ಓಕ್ ಫ್ಲೋರು, ಪೂರ್ತಿ ಸ್ಯಾಂಡಿಂಗ್ ಮಾಡ್ಸಿ ಬೋನಾ ಟ್ರಾಫಿಕ್ ಎಚ್‌ಡಿ ಹಾಕ್ಸಿದ್ವಿ, ನಿಜವಾಗ್ಲೂ ತುಂಬಾ ಖುಷಿಯಾಗಿದೆ. ಇದು ಮರದ ಫ್ಲೋರಿಗೆ ವಾರ್ನಿಶ್ ಥರ ಹಚ್ಚೋ ವಾಟರ್ ಬೇಸ್ ಪಾಲಿಯುರೆಥೇನ್, ಅದನ್ನ ಗಟ್ಟಿ ಮಾಡೋ ಹಾರ್ಡ್ನರ್ ಬೇರೆ ಬಾಟಲಲ್ಲಿ ಬರತ್ತೆ, ಒಂದ್ಸಲ ಕಲಸಿದ್ಮೇಲೆ 4 ಗಂಟೆ ಒಳಗೆ ಹಚ್ಚಿ ಮುಗಿಸ್ಬೇಕು ಇಲ್ಲಾಂದ್ರೆ ಮಿಕ್ಕಿದ್ದೆಲ್ಲಾ ವೇಸ್ಟು, ಅದಕ್ಕೇ ಅಳತೆ ನೋಡ್ಕೊಂಡು ಕಲಸಿ. ಸುರಿಯೋವಾಗ ಹಾಲಿನ ಥರ ಬೆಳ್ಳಗಿರತ್ತೆ, ಒಣಗ್ತಾ ಒಣಗ್ತಾ ತಿಳಿಯಾಗಿ ಮರದ ಗೆರೆ ಒಂದೊಂದೂ ಎದ್ದು ಕಾಣತ್ತೆ. ಆಯಿಲ್ ಬೇಸ್ ಥರ ವರ್ಷ ಕಳೆದ ಹಾಗೆ ಹಳದಿ ಆಗಲ್ಲ, ವಾಸನೇನೂ ಕಮ್ಮಿ. ರೇಟ್ ಮಾತ್ರ ಜಾಸ್ತೀನೇ. ಪೂರ್ತಿ ಗಟ್ಟಿಯಾಗೋವರೆಗೂ ಕಾರ್ಪೆಟ್ ಹಾಸ್ಬೇಡಿ. ಕುರ್ಚಿ ಕಾಲಿಗೆ ಫೆಲ್ಟ್ ಅಂಟ್ಸಿ, ಸ್ಟೀಮ್ ಮಾಪ್ ಬೇಡವೇ ಬೇಡ, ಬಟ್ಟೆ ಚೆನ್ನಾಗಿ ಹಿಂಡಿ ಒರೆಸಿದ್ರೆ ಸಾಕು.