ಕಳೆ ಯಂತ್ರಕ್ಕೆ ಎರಡು ಹೆಗಲಿನ ಬೆಲ್ಟು: ಒಂದು ಮಳೆಗಾಲ ಬಳಸಿದ ಮೇಲೆ

ಕಳೆ ಕೊಚ್ಚುವ ಯಂತ್ರದ ಜೊತೆಗೆ ಪುಕ್ಕಟೆಯಾಗಿ ಬಂದ ಬೆಲ್ಟು ನನ್ನ ಬಲಗೈಯನ್ನು ಎರಡು ವರ್ಷ ತಿಂದಿತು. ಶಿರಸಿ ಕಡೆ ನಾಲ್ಕು ಎಕರೆ ಅಡಿಕೆ ತೋಟ, ನನಗೆ ವಯಸ್ಸು 54, ಪೆಟ್ರೋಲ್ ತುಂಬಿದ ಯಂತ್ರದ ತೂಕ ಎಂಟು ಕಿಲೋ. ಅಷ್ಟೂ ಭಾರ ಒಂದೇ ಹೆಗಲಿನಲ್ಲಿ, ಎರಡು ಬೆರಳಗಲದ ಪಟ್ಟಿಯಲ್ಲಿ ನೇತಾಡುತ್ತಿತ್ತು. ಸಂಜೆ ಚಹಾ ಲೋಟ ಹಿಡಿದರೆ ಬೆರಳು ಜುಮುಗುಟ್ಟುತ್ತಿದ್ದವು. ಫಿಸಿಯೋಥೆರಪಿಯವರು ಕೈಗೆ ಪೊರಕೆ ಕೊಟ್ಟು, ಯಂತ್ರ ಹಿಡಿಯುವುದು ಹೇಗೆಂದು ತೋರಿಸಲು ಹೇಳಿದರು. ತೋರಿಸಿದೆ. "ನೀವು ಯಂತ್ರ ನಡೆಸುತ್ತಿಲ್ಲ ಹೆಗಡೆಯವರೇ, ಹೊರುತ್ತಿದ್ದೀರಿ" ಎಂದರು.

ಜೂನ್‌ನಲ್ಲಿ 1,450 ರೂಪಾಯಿ ಕೊಟ್ಟು ಎರಡು ಹೆಗಲಿನ ಬೆಲ್ಟು ತಂದೆ. ಬೆನ್ನಿಗೆ ಅಗಲವಾದ ಹಲಗೆ, ಸೊಂಟಕ್ಕೊಂದು ಪಟ್ಟಿ, ಬಲತೊಡೆಗೆ ದಪ್ಪ ಮೆತ್ತೆ, ಮೆತ್ತೆಯ ಮೇಲೆ ಕೊಕ್ಕೆ. ಮೊದಲ ದಿನ ಇದೂ ಹಿಂಸೆಯೇ. ತಪ್ಪು ನನ್ನದು, ಕೊಕ್ಕೆಯನ್ನು ಸೊಂಟದ ಮೇಲಕ್ಕೆ ಬಿಗಿದಿದ್ದೆ. ಅದು ಬಲಸೊಂಟದ ಮೂಳೆಯಿಂದ ಒಂದು ಅಂಗೈ ಅಗಲ ಕೆಳಗಿರಬೇಕು. ಆಮೇಲೆ ಎರಡೂ ಕೈ ಬಿಟ್ಟು ನಿಂತು ನೋಡಬೇಕು. ಬ್ಲೇಡು ತಾನಾಗಿ ನೆಲಕ್ಕೆ ಮುಟ್ಟಿಯೂ ಮುಟ್ಟದಂತೆ ನಿಂತರೆ ತೂಕ ಸರಿಹೊಂದಿತು. ಮೂತಿ ಮೇಲೆದ್ದರೆ ಅಥವಾ ಮಣ್ಣಿಗೆ ಕುಕ್ಕಿದರೆ ಯಂತ್ರದ ಕೊಳವೆಯ ಮೇಲೆ ಕೊಕ್ಕೆ ಸಿಕ್ಕಿಸುವ ಬಳೆಯನ್ನು ಹಿಂದೆ ಮುಂದೆ ಸರಿಸಬೇಕು. ಈ ಹತ್ತು ನಿಮಿಷದ ಕೆಲಸ ಬಿಟ್ಟು ಬೆಲ್ಟಿಗೆ ಒಂದು ನಕ್ಷತ್ರ ಕೊಟ್ಟವರನ್ನು ಕಂಡಿದ್ದೇನೆ.

ಹೆಗಲಿಗಿಂತ ಹೆಚ್ಚು ಸುಖ ಕಂಡದ್ದು ಕೈಗೆ. ಬೆಲ್ಟಿನಿಂದ ಯಂತ್ರದ ನಡುಕವೇನೂ ಕಡಿಮೆಯಾಗುವುದಿಲ್ಲ, ಆ ಆಸೆಯಿಂದ ಕೊಳ್ಳಬೇಡಿ. ಆದರೆ ಭಾರವನ್ನು ಸೊಂಟ ಹೊತ್ತ ಮೇಲೆ ಹಿಡಿಯನ್ನು ಹಿಸುಕಬೇಕಾಗಿಲ್ಲ. ಬಿಗಿಯಾಗಿ ಹಿಡಿದಷ್ಟೂ ನಡುಕ ಕೈಗೆ ಏರುತ್ತದೆ, ಅದರಲ್ಲೂ ನಮ್ಮ ಆಷಾಢದ ಚಳಿಗೆ ಒದ್ದೆಯಾದ ಬೆರಳುಗಳಲ್ಲಿ ರಕ್ತ ಓಡಾಡುವುದೇ ಕಡಿಮೆ. ನಡುಕ ಎರಡು ಪಟ್ಟಾದರೆ ಅಷ್ಟೇ ಪೆಟ್ಟು ಕಾಲು ಭಾಗ ಸಮಯದಲ್ಲೇ ಕೈಗೆ ಬೀಳುತ್ತದೆ. ನನ್ನ ಯಂತ್ರದಲ್ಲಿ ಒಂದು ಹಲ್ಲು ಮುರಿದ ಬ್ಲೇಡು ಬದಲಾಯಿಸಿದ ದಿನವೇ ಅರ್ಧ ನಡುಕ ಹೋಯಿತು. ಈಗ ಅರ್ಧ ಗಂಟೆಗೊಮ್ಮೆ ಯಂತ್ರ ನಿಲ್ಲಿಸುತ್ತೇನೆ. ಕವಳ ಹಾಕಲು ಒಂದು ನೆಪವೂ ಆಯಿತು.

ಬ್ಲೇಡಿನ ಬಲ ಮುಂಭಾಗ, ಗಡಿಯಾರದಲ್ಲಿ 12ರಿಂದ 3ರವರೆಗಿನ ಜಾಗ, ಕಲ್ಲಿಗೋ ಅಡಿಕೆ ಬುಡಕ್ಕೋ ತಾಗಿದರೆ ಯಂತ್ರ ಬಲಕ್ಕೆ ಚಿಮ್ಮುತ್ತದೆ. ಮೊದಲೆಲ್ಲ ಅದರ ಜೊತೆ ನಾನೂ ತಿರುಗುತ್ತಿದ್ದೆ. ಈಗ ಕೊಕ್ಕೆ ತಡೆದು ನಿಲ್ಲಿಸುತ್ತದೆ. ಚಿಮ್ಮುವುದನ್ನು ಕಡಿಮೆ ಮಾಡಲು ಬಲದಿಂದ ಎಡಕ್ಕೆ ಬೀಸುವುದು ಒಂದು ದಾರಿ.

ಎದೆಯ ಮೇಲೆ ಒಂದು ಕೆಂಪು ನಾಲಗೆಯಿದೆ. ಎಳೆದರೆ ಯಂತ್ರ ಕಳಚಿ ಬೀಳುತ್ತದೆ. ಹೊಸದರಲ್ಲಿ ಬಹಳ ಬಿಗಿಯಾಗಿತ್ತು, ಅಂಗಳದಲ್ಲಿ ಇಪ್ಪತ್ತು ಸಲ ಎಳೆದು ರೂಢಿ ಮಾಡಿಕೊಂಡೆ. ಮನೆಯವಳು ನಕ್ಕಳು. ಆಗಸ್ಟ್‌ನಲ್ಲಿ ಕೊಳೆತ ಅಡಿಕೆ ಹಾಳೆಯ ಮೇಲೆ ಕಾಲಿಟ್ಟು ಬಸಿಗಾಲುವೆಗೆ ಜಾರಿದಾಗ ಕೈ ತಾನಾಗಿ ಅಲ್ಲಿಗೆ ಹೋಯಿತು. ನಾನು ಕಾಲುವೆಯಲ್ಲಿ, ಯಂತ್ರ ದಡದಲ್ಲಿ. ಹಳೆಯ ಪಟ್ಟಿಯಾಗಿದ್ದರೆ ಇಬ್ಬರೂ ಒಟ್ಟಿಗೆ ಬೀಳುತ್ತಿದ್ದೆವು.

ದೂರುಗಳೂ ಇವೆ. ಸೊಂಟದ ಪಟ್ಟಿ ನನ್ನಂಥ ಸಪೂರದವನಿಗೆ ಎಷ್ಟು ಬಿಗಿದರೂ ಉಳಿಯುತ್ತದೆ, ಇನ್ನೊಂದು ತೂತು ಕೊರೆದುಕೊಂಡೆ. ಹೊಂದಿಸುವ ಚಿತ್ರ ಬೆರಳುಗುರುತಿನಷ್ಟು ಚಿಕ್ಕದು, ಕನ್ನಡದಲ್ಲಂತೂ ಒಂದಕ್ಷರವಿಲ್ಲ. ಮೆತ್ತೆ ಮಳೆನೀರು ಕುಡಿದರೆ ಎರಡು ದಿನ ಒಣಗುವುದಿಲ್ಲ, ಬೂಷ್ಟು ವಾಸನೆ ಬರುತ್ತದೆ. ಅದಕ್ಕೆ ಬಚ್ಚಲೊಲೆಯ ಮೇಲೆ ನೇತುಹಾಕುತ್ತಿದ್ದೆ. ಒಂದು ಪ್ಲಾಸ್ಟಿಕ್ ಬಕಲ್ ಬಿಸಿಗೆ ಸೊಟ್ಟಗಾಗಿದೆ, ಅದನ್ನು ಮಾತ್ರ ಕಂಪನಿಯ ಲೆಕ್ಕಕ್ಕೆ ಬರೆಯುವುದಿಲ್ಲ.