ನಟ್‌ನ ಕಚ್ಚಿಗೆ ಅಡುಗೆ ಸೋಡಾ, ಸೂಪರ್ ಗ್ಲೂ: 18 ತಿಂಗಳು ಕಳೆದ ಮೇಲೆ

ನಟ್ ಅಂದರೆ ಗಿಟಾರಿನ ಕತ್ತಿನ ತುದಿಯಲ್ಲಿ, ಕಚ್ಚುಗಳಲ್ಲಿ ತಂತಿಗಳನ್ನು ಕೂರಿಸುವ ಸಣ್ಣ ಪಟ್ಟಿ. 18 ತಿಂಗಳ ಹಿಂದೆ ನನ್ನ ಗಿಟಾರಿನ ನಟ್‌ನಲ್ಲಿ ಸವೆದುಹೋಗಿದ್ದ ಎರಡು ಕಚ್ಚುಗಳನ್ನು ಮನೆಯಲ್ಲೇ ತುಂಬಿದೆ. ಸಾಮಾನು ಅಂತ ಬೇಕಾದದ್ದು ಎರಡೇ, ಅಡುಗೆ ಸೋಡಾ ಮತ್ತು ಸೂಪರ್ ಗ್ಲೂ. ಆರನೇ ತಂತಿಯ ಕಚ್ಚು ಅವತ್ತು ಹೇಗೆ ಕೂತಿತೋ ಇವತ್ತೂ ಹಾಗೇ ಇದೆ. ಎರಡನೇ ತಂತಿಯದನ್ನು ಮೂರು ಸಲ ಮಾಡಬೇಕಾಯಿತು. ಅದೇ ಡಬ್ಬಿಯ ಸೋಡಾ, ಅದೇ ಟ್ಯೂಬಿನ ಗ್ಲೂ, ಅದೇ ಕೈ. ಒಂದು ಗಟ್ಟಿ, ಒಂದು ಗೋಳು.

ನನ್ನ ಅಭ್ಯಾಸ ಮೊದಲು ಹೇಳಿಬಿಡುತ್ತೇನೆ, ಯಾಕಂದ್ರೆ ಸವೆತಕ್ಕೆ ಅದೇ ಕಾರಣ. ಬೆಳಗ್ಗೆ ಅರ್ಧ ಗಂಟೆ ನುಡಿಸುತ್ತೇನೆ, ಹೆಚ್ಚಾಗಿ ಡ್ರಾಪ್ ಡಿ ಟ್ಯೂನಿಂಗ್‌ನಲ್ಲಿ. ಅಂದರೆ ಆರನೇ ತಂತಿಯನ್ನು ಇ ಸ್ವರದಿಂದ ಡಿ ಸ್ವರಕ್ಕೆ ಇಳಿಸುತ್ತೇನೆ. ಸಂಜೆ ಮಗಳು ಇದೇ ಗಿಟಾರ್ ಹಿಡಿದು ಪಾಠ ಅಭ್ಯಾಸ ಮಾಡುತ್ತಾಳೆ, ಹಾಗಾಗಿ ಎದ್ದು ಹೋಗುವ ಮುಂಚೆ ಮತ್ತೆ ಇ ಗೆ ಏರಿಸಿಡಬೇಕು. ದಿನಕ್ಕೆ ಎರಡು ಸಲ, ವರ್ಷಕ್ಕೆ ಏಳುನೂರು ಸಲ. ಆರನೇ ತಂತಿ ನುಣ್ಣಗಿನ ತಂತಿಯಲ್ಲ. ನಡುವೆ ಉಕ್ಕಿನ ಎಳೆ, ಅದರ ಸುತ್ತ ಕಂಚಿನ ಸುತ್ತು. ಬೆರಳಲ್ಲಿ ಸವರಿದರೇ ಗೊತ್ತಾಗುತ್ತೆ, ಅದೊಂದು ಸಣ್ಣ ಅರ. ಅಗ್ಗದ ಪ್ಲಾಸ್ಟಿಕ್ ನಟ್ ಮೇಲೆ ಅರವನ್ನು ದಿನಾ ಹಿಂದೆ ಮುಂದೆ ಎಳೆದರೆ ಏನಾಗಬೇಕೋ ಅದೇ ಆಯಿತು.

ಮೊದಲು ಬಂದದ್ದು ಜರ್ರ್ ಅನ್ನೋ ಸದ್ದು. ಅದೂ ತಂತಿಯನ್ನು ಎಲ್ಲೂ ಒತ್ತದೆ ಬಿಟ್ಟು ಮೀಟಿದಾಗ ಮಾತ್ರ, ಡಿ ಗೆ ಇಳಿಸಿದಾಗ ಇನ್ನೂ ಜಾಸ್ತಿ. ಸಡಿಲ ತಂತಿ ಅಗಲಕ್ಕೆ ಆಡುತ್ತದೆ, ಮೊದಲ ಫ್ರೆಟ್‌ಗೆ, ಅಂದರೆ ಕತ್ತಿನ ಮೇಲಿನ ಮೊದಲ ಅಡ್ಡ ಲೋಹಪಟ್ಟಿಗೆ, ಬಡಿಯುತ್ತದೆ. ನಾನು ಜಾಣ ಅಂದುಕೊಂಡು ಟ್ರಸ್ ರಾಡ್‌ಗೆ, ಅಂದರೆ ಕತ್ತಿನ ಬಾಗು ಸರಿಹೊಂದಿಸುವ ಒಳಗಿನ ಸರಳಿಗೆ, ಕೈ ಹಾಕಿದೆ. ಕಾಲು ಸುತ್ತು ಸಡಿಲಿಸಿದೆ, ಒಂದು ವಾರ ನುಡಿಸಿದೆ. ಜರ್ರ್ ಅಲ್ಲೇ ಇತ್ತು, ಮೇಲಿನ ಫ್ರೆಟ್‌ಗಳಲ್ಲಿ ಒತ್ತೋದು ಮಾತ್ರ ಕಷ್ಟವಾಯಿತು. ವಾಪಸ್ ಬಿಗಿದೆ.

ಸರಿಯಾದ ಪರೀಕ್ಷೆಗೆ ಒಂದು ನಿಮಿಷವೂ ಬೇಡ. ಮೊದಲ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಅಲ್ಲಿ ಸದ್ದು ಶುದ್ಧವಾಗಿದ್ದು ಬಿಟ್ಟ ತಂತಿಯಲ್ಲಿ ಮಾತ್ರ ಜರ್ರ್ ಬಂದರೆ ನಟ್ ಮೇಲೆ ಅನುಮಾನ ಪಡಿ. ಖಾತ್ರಿ ಬೇಕಾದರೆ ಒಂದು ಚೂರು ಕಾಗದ ಹರಿದು ಕಚ್ಚಿನಲ್ಲಿ ತಂತಿಯ ಕೆಳಗೆ ಇಡಿ. ಪ್ರಿಂಟರ್ ಕಾಗದದ ದಪ್ಪ 0.1 ಮಿಲಿಮೀಟರ್ ಆಸುಪಾಸು. ಅಷ್ಟಕ್ಕೇ ನನ್ನ ಜರ್ರ್ ನಿಂತಿತು. ಒಂದು ಕಾಗದದಷ್ಟು ಸವೆತಕ್ಕೆ ನಾನು ಟ್ರಸ್ ರಾಡ್ ತಿರುಗಿಸಿ ಕೂತಿದ್ದೆ, ನೋಡಿ.

ಎರಡನೇ ತಂತಿಯ ಕಥೆ ಬೇರೆ. ಅದರದ್ದು ಜರ್ರ್ ಅಲ್ಲ, ಝೇಂ. ತಂಬೂರಿಯಲ್ಲಿ ಕುದುರೆಯ ಮೇಲೆ ತಂತಿಯ ಕೆಳಗೆ ನೂಲು ಸರಿಸಿ ಜೀವಾಳ ಹಿಡಿಸುತ್ತಾರಲ್ಲ, ಆ ಥರದ ಝೇಂಕಾರ. ತಂಬೂರಿಗೆ ಅದೇ ಪ್ರಾಣ. ಗಿಟಾರಿನ ಎರಡನೇ ತಂತಿಗೆ ಬಂದರೆ ತಲೆಚಿಟ್ಟು. ಕಾರಣ ಇಷ್ಟೇ: ಕಚ್ಚಿನ ತಳ ಫ್ರೆಟ್‌ಬೋರ್ಡ್ ಕಡೆ ಎತ್ತರವಾಗಿದ್ದು ಕೀಗಳ (ತಂತಿ ಬಿಗಿಯುವ ತಿರುಪುಗಳ) ಕಡೆಗೆ ಇಳಿಜಾರಾಗಿರಬೇಕು, ತಂತಿ ಆ ಮುಂದಿನ ಅಂಚಿನಿಂದಲೇ ಹೊರಡಬೇಕು. ನನ್ನದರಲ್ಲಿ ಮುಂದಿನ ಅಂಚು ಸವೆದು ತಳ ಚಪ್ಪಟೆಯಾಗಿತ್ತು. ತಂತಿ ಅದರ ಮೇಲೆ ಮಲಗಿ ಹೊರಳಾಡುತ್ತಿತ್ತು.

ತುಂಬುವ ವಿಧಾನ ಹೆಚ್ಚಿನವರು ನೋಡಿಯೇ ಇರುತ್ತೀರಿ, ಉದ್ದ ಮಾಡಲ್ಲ. ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿದೆ, ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿದೆ, ಕಚ್ಚನ್ನು ಸ್ಯಾಂಡ್‌ಪೇಪರ್ ಮಡಿಕೆಯಿಂದ ಸ್ವಲ್ಪ ಒರಟು ಮಾಡಿದೆ. ಟೂತ್‌ಪಿಕ್ ತುದಿಯಿಂದ ಸೋಡಾ ತುಂಬಿ ಒತ್ತಿದೆ. ಸೋಡಾ ಅಂದರೆ ಸೋಡಾನೇ, ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಪಿಷ್ಟ ಸೇರಿರುತ್ತೆ. ಆಮೇಲೆ ತೆಳು ಸೂಪರ್ ಗ್ಲೂ, ಒಂದೇ ಹನಿ.

ಆ ಒಂದು ಹನಿಯನ್ನು ನೋಡೋದೇ ಒಂದು ಮಜಾ. ಬೆಳ್ಳಗಿದ್ದ ಪುಡಿ ಗ್ಲೂ ಹೀರಿದ ಕೂಡಲೇ ಮಂಜುಗಾಜಿನ ಹಾಗೆ ಮಸುಕಾಗುತ್ತದೆ. ಸಣ್ಣ ಹೊಗೆಯೊಂದು ಏಳುತ್ತದೆ. ಬೆರಳು ಹತ್ತಿರ ಇದ್ದರೆ ಬಿಸಿ ತಾಕುತ್ತದೆ. ಸೋಡಾ ಸುಮ್ನೆ ಜಾಗ ತುಂಬಲ್ಲ, ಗ್ಲೂ ತಕ್ಷಣ ಗಟ್ಟಿಯಾಗುವ ಹಾಗೆಯೂ ಮಾಡುತ್ತದೆ. ಎರಡು ಎಣಿಸುವಷ್ಟರಲ್ಲಿ ಕಲ್ಲು. ನಾನು ಬಗ್ಗಿ ನೋಡುತ್ತಿದ್ದೆ, ಹೊಗೆ ನೇರ ಕಣ್ಣಿಗೆ ಹೋಗಿ ಹತ್ತು ನಿಮಿಷ ನೀರು ಸುರಿಯಿತು. ಕಿಟಕಿ ತೆಗೆದಿಟ್ಟು, ಮುಖ ದೂರ ಇಟ್ಟು ಮಾಡಿ.

ಇನ್ನೊಂದು ಎಡವಟ್ಟು: ಟೇಪಿನ ಒಂದು ಮೂಲೆ ಎದ್ದಿತ್ತು. ಗ್ಲೂ ಅದರ ಕೆಳಗೆ ಹರಿದು ಫ್ರೆಟ್‌ಬೋರ್ಡಿನ ಅಂಚಿನಲ್ಲಿ ಹೊಳೆಯುವ ಕಲೆಯಾಗಿ ಕೂತಿತು. ಮಗಳು ನೋಡಿದವಳೇ, "ಅಪ್ಪಾ, ಗಿಟಾರ್ ಮೇಲೆ ಜೊಲ್ಲು ಸುರಿಸಿದ್ದೀಯಾ?" ಅಂದಳು. ಉಗುರುಬಣ್ಣ ತೆಗೆಯುವ ದ್ರಾವಣ ಹಾಕಿ ಒರೆಸೋಣ ಅನ್ನಿಸಿತು. ಅದರಲ್ಲಿ ಅಸಿಟೋನ್ ಇದ್ದರೆ ಗ್ಲೂ ಜೊತೆ ಗಿಟಾರಿನ ಪಾಲಿಶ್ ಕೂಡ ಎದ್ದು ಬರಬಹುದು ಅಂತ ಸುಮ್ಮನಾದೆ. ಜೊಲ್ಲು ಈಗಲೂ ಇದೆ.

ಈಗ ಕೊರೆಯುವ ಕೆಲಸ. ನಟ್‌ಗೆಂದೇ ಮಾಡಿದ ಅರಗಳ ಸೆಟ್ ಸಿಗುತ್ತದೆ, ಒಂದೊಂದು ತಂತಿಗೆ ಒಂದೊಂದು ಅಳತೆ. ನನ್ನ ಗಿಟಾರಿನ ಬೆಲೆ ನೋಡಿದರೆ ಆ ಸೆಟ್ ಕೊಳ್ಳೋದು ಎಮ್ಮೆಗಿಂತ ಹಗ್ಗಕ್ಕೇ ಜಾಸ್ತಿ ಕೊಟ್ಟ ಹಾಗೆ. ಆರನೇ ತಂತಿಗೆ ಹಳೆಯ ಆರನೇ ತಂತಿಯನ್ನೇ ಗರಗಸ ಮಾಡಿಕೊಂಡೆ. ಎರಡೂ ತುದಿ ಹಿಡಿದು, ಕೀಗಳ ಕಡೆಗೆ ಇಳಿಜಾರು ಕೊಟ್ಟು, ಸರ್ರ್ ಸರ್ರ್ ಅಂತ ಎಳೆದೆ. ನಿಧಾನ. ಹತ್ತು ಸಲ ಎಳೆದು, ತಂತಿ ಕೂರಿಸಿ, ಟ್ಯೂನ್ ಮಾಡಿ ನೋಡೋದು. ಎರಡನೇ ಮತ್ತು ಮೂರನೇ ಫ್ರೆಟ್ ನಡುವೆ ಒತ್ತಿ ಹಿಡಿದು, ಮೊದಲ ಫ್ರೆಟ್ ಮೇಲೆ ತಂತಿಯನ್ನು ಬೆರಳ ತುದಿಯಲ್ಲಿ ತಟ್ಟೋದು. ಸಣ್ಣಗೆ ಟಕ್ ಅಂದರೆ ಇನ್ನೂ ಸಂದು ಇದೆ ಅಂತ ಅರ್ಥ. ಟಕ್ ಕೇಳಿಸದೇ ಹೋದರೆ ತಳ ಮುಟ್ಟಿಬಿಟ್ಟಿದ್ದೀರಿ, ಮತ್ತೆ ಸೋಡಾದಿಂದ ಶುರು. ಆ ಟಕ್ ಕಾಗದದಷ್ಟು ತೆಳುವಾದಾಗ ನಿಲ್ಲಿಸಿದೆ. ಒಂದು ಸಂಜೆ ಹಿಡಿಯಿತು. ಮರುದಿನ ಡಿ ಗೆ ಇಳಿಸಿ ಮೀಟಿದಾಗ ಬಂದ ಗುಂಯ್ ಅನ್ನೋ ಶುದ್ಧ ನಾದಕ್ಕೆ ನಾನೇ ಎರಡು ನಿಮಿಷ ಅದೊಂದೇ ತಂತಿ ಮೀಟುತ್ತಾ ಕೂತೆ.

ಆ ವಾರ ಬರೆದಿದ್ದರೆ ಈ ವಿಮರ್ಶೆ ಇಲ್ಲಿಗೇ ಮುಗಿಯುತ್ತಿತ್ತು, ಐದಕ್ಕೆ ಐದು ಅಂಕ ಕೊಟ್ಟು.

ಎರಡನೇ ತಂತಿ ನುಣ್ಣಗಿನ ಉಕ್ಕಿನ ತಂತಿ. ಅದು ಕೊರೆಯಲ್ಲ. ನನ್ನದು 12–53ರ ಸೆಟ್ (ಮೊದಲ ತಂತಿಯಿಂದ ಆರನೆಯದರವರೆಗಿನ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ), ಅದರಲ್ಲಿ ಎರಡನೇ ತಂತಿ 16. ಅಂದರೆ 0.016 ಇಂಚು, ಸುಮಾರು 0.41 ಮಿಲಿಮೀಟರ್. ಸುತ್ತು ಇರುವ ತಂತಿಗಳಲ್ಲಿ ತೀರಾ ತೆಳುವಾದದ್ದು 24, ಅದು ಇಲ್ಲಿಗೆ ದಪ್ಪ. ಹಾಗಾಗಿ ಒಂದು ಫೀಲರ್ ಗೇಜ್ ತಂದೆ. ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಪಟ್ಟಿಗಳ ಗೊಂಚಲು ಅದು, ಮೆಕ್ಯಾನಿಕ್‌ಗಳ ಕೈಯಲ್ಲಿ ನೋಡಿರುತ್ತೀರಿ. 0.35 ಮಿಲಿಮೀಟರಿನ ಪಟ್ಟಿಯ ಅಂಚಿಗೆ ತ್ರಿಕೋನ ಅರದಿಂದ ಹಲ್ಲು ಹಾಕಿ ಅದರಲ್ಲೇ ಕೊರೆದೆ. ತಂತಿಗಿಂತ ಒಂಚೂರು ಸಪೂರ ಇದ್ದರೆ ಬಿಗಿಯಾಗಿ ಕೂರುತ್ತೆ, ಬಿಗಿ ಇದ್ದಷ್ಟೂ ಒಳ್ಳೆಯದು, ಅಲ್ವಾ? ಅಲ್ಲ.

ಝೇಂ ಹೋಯಿತು, ನಿಜ. ಅದರ ಜಾಗಕ್ಕೆ ಟಿಕ್ ಬಂತು. ಕೀ ತಿರುಗಿಸುತ್ತೀರಿ, ಟ್ಯೂನರ್ ಮುಳ್ಳು ಅಲ್ಲಾಡಲ್ಲ. ಇನ್ನೊಂಚೂರು ತಿರುಗಿಸುತ್ತೀರಿ, ಆಗಲೂ ಇಲ್ಲ. ಆಮೇಲೆ ಟಿಕ್ ಅಂತ ಸದ್ದಾಗಿ ಮುಳ್ಳು ಬಿ (ಎರಡನೇ ತಂತಿಯ ಸ್ವರ) ದಾಟಿ ಆಚೆ ಹಾರುತ್ತದೆ. ಇಳಿಸಿದರೆ ಅದೇ ಆಟ ಉಲ್ಟಾ. ಹೇಗೋ ಸರಿಮಾಡಿ ಹಾಡು ಶುರು ಮಾಡಿದರೆ, ತಂತಿಯನ್ನು ಒಮ್ಮೆ ಪಕ್ಕಕ್ಕೆ ಎಳೆದು ಬೆಂಡ್ ಮಾಡುವಷ್ಟರಲ್ಲಿ ಶ್ರುತಿ ಕೆಳಗೆ. ದಿನಾ ಬೆಳಗಿನ ಅರ್ಧ ಗಂಟೆಯಲ್ಲಿ ಐದು ನಿಮಿಷ ಈ ಟಿಕ್ ಜೊತೆ ಜಗಳ. ಝೇಂ ಇದ್ದ ಕಾಲವೇ ವಾಸಿ ಅನ್ನಿಸಿತು, ಆಗ ಶ್ರುತಿಯಾದರೂ ನಿಲ್ಲುತ್ತಿತ್ತು. ನಾಲ್ಕು ತಿಂಗಳಿಗೆ ತಂತಿ ಆ ಸಪೂರ ಸೀಳಿನೊಳಗೆ ತನ್ನ ದಾರಿ ತಾನೇ ಕೊರೆದುಕೊಂಡು ಇಳಿದು ಝೇಂ ಕೂಡ ವಾಪಸ್ ಬಂತು. ಆ ಟಿಕ್‌ಗಳೆಲ್ಲ ತಂತಿ ಗೋಡೆ ಕೆರೆಯುತ್ತಿದ್ದ ಸದ್ದು ಅಂತ ನನಗೆ ಆಗ ಹೊಳೆಯಲಿಲ್ಲ. ಸೋಡಾ ಕಳಪೆ ಅಂದುಕೊಂಡು ಮತ್ತೆ ತುಂಬಿದೆ, ಅದೇ ಪಟ್ಟಿಯಲ್ಲಿ ಮತ್ತೆ ಕೊರೆದೆ. ಮತ್ತೆ ಟಿಕ್. ಈ ಸಲ ಕೀ ಮೇಲೆ ಅನುಮಾನ ಬಂತು. ಆರೂ ಕೀ ಬದಲಿಸೋಣ ಅಂತ ಹೊಸ ಸೆಟ್ ನೋಡಿಯೂ ಆಗಿತ್ತು.

ದುಡ್ಡು ಉಳಿಸಿದ್ದು ಒಂದು ಸಣ್ಣ ಉಪಾಯ. ತಂತಿಯನ್ನು ಸರಿಯಾಗಿ ಟ್ಯೂನ್ ಮಾಡಿ. ನಟ್ ಮತ್ತು ಕೀ ನಡುವೆ ಇರುವ ತುಂಡನ್ನು ಬೆರಳಿಂದ ಒಮ್ಮೆ ಒತ್ತಿ ಬಿಡಿ. ಶ್ರುತಿ ಏರಿ, ಬಿಟ್ಟ ಮೇಲೂ ಏರಿದಲ್ಲೇ ನಿಂತರೆ ತಂತಿ ನಟ್‌ನಲ್ಲಿ ಸಿಕ್ಕಿಕೊಳ್ಳುತ್ತಿದೆ. ನನ್ನದು ಏರಿದಲ್ಲೇ ನಿಂತಿತು. ಅವತ್ತು ಮೊದಲ ಸಲ ಗೇಜಿನ ಮೇಲಿನ ಅಂಕಿಯನ್ನು ತಂತಿಯ ಅಂಕಿ ಜೊತೆ ಇಟ್ಟು ಓದಿದೆ. 0.41ರ ತಂತಿಯನ್ನು 0.35ರ ಸಂದಿಗೆ ತುರುಕಿದ್ದೆ. ಆರನೇ ತಂತಿಯದು ಯಾಕೆ ಸುಲಭವಾಗಿ ಬಂತು ಅನ್ನೋದಕ್ಕೂ ಉತ್ತರ ಸಿಕ್ಕಿತು. ಅಲ್ಲಿ ತಂತಿಯೇ ಗರಗಸ. ಹಿಂದೆ ಮುಂದೆ ಎಳೆಯುವಾಗ ಅದು ತನಗಿಂತ ಕೂದಲೆಳೆಯಷ್ಟು ಅಗಲಕ್ಕೇ ಕೊರೆದುಕೊಂಡಿತ್ತು.

ಮೂರನೇ ಸಲ 0.45ರ ಪಟ್ಟಿಗೆ ಹಲ್ಲು ಹಾಕಿದೆ. ತಂತಿಗಿಂತ 0.04 ಮಿಲಿಮೀಟರ್ ಅಗಲ, ಬರಿಗಣ್ಣಿಗೆ ಕಾಣದ ವ್ಯತ್ಯಾಸ. ಕೊರೆದ ಮೇಲೆ ಹಲ್ಲಿನ ಸಂದಿ ಉಜ್ಜುವ ದಾರಕ್ಕೆ ಒಂದು ಚುಕ್ಕೆ ಟೂತ್‌ಪೇಸ್ಟ್ ಹಚ್ಚಿ ಕಚ್ಚಿನೊಳಗೆ ಎಳೆದೆ. ಪೇಸ್ಟಿನಲ್ಲಿರುವ ನಯವಾದ ಉಜ್ಜುಪುಡಿ ಗೋಡೆಗಳಿಗೆ ಪಾಲಿಶ್ ಕೊಡುತ್ತದೆ. ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿದೆ. ಕೊನೆಗೆ ಪೆನ್ಸಿಲ್. ಎಂಟು ತಿಂಗಳಾಯಿತು, ಟಿಕ್ ಇಲ್ಲ, ಝೇಂ ಇಲ್ಲ.

ಈ ಪೆನ್ಸಿಲ್ ಕೆಲಸ ಈಗ ನನಗೆ ತಂತಿ ಬದಲಿಸುವುದಕ್ಕಿಂತ ಇಷ್ಟ. 6ಬಿ ಪೆನ್ಸಿಲನ್ನು ಬ್ಲೇಡಿನಲ್ಲಿ ಸೂಜಿಯ ಹಾಗೆ ಚೂಪು ಮಾಡುತ್ತೇನೆ. ಒಂದೊಂದೇ ತಂತಿ ಎತ್ತಿ, ಕಚ್ಚಿನಲ್ಲಿ ಮೂರು ನಾಲ್ಕು ಸಲ ಗೀಚಿ, ಕಪ್ಪು ಪುಡಿಯನ್ನು ಊದದೆ ಹಾಗೇ ಬಿಟ್ಟು ತಂತಿ ಕೂರಿಸುತ್ತೇನೆ. ಆರೂ ಮುಗಿಯುವಾಗ ಹೆಬ್ಬೆರಳು ಮಸಿ. ಆಮೇಲೆ ಕೀ ತಿರುಗಿಸಿದರೆ ಮುಳ್ಳು ಬೆಣ್ಣೆಯಲ್ಲಿ ನಡೆದ ಹಾಗೆ ನಡೆಯುತ್ತದೆ. ನಟ್ ರಿಪೇರಿ ಮಾಡದವರೂ ಇದೊಂದನ್ನು ಮಾಡಿ ನೋಡಿ.

ನಾದದಲ್ಲಿ ವ್ಯತ್ಯಾಸ? ನನ್ನ ಕಿವಿಗೆ ಏನೂ ಕೇಳಿಸಲಿಲ್ಲ. ಫ್ರೆಟ್ ಮೇಲೆ ಒತ್ತಿದ ಮೇಲೆ ನಟ್‌ಗೆ ಅಷ್ಟೇನು ಕೆಲಸವೂ ಇಲ್ಲ. ನೋಡೋಕೆ ಮಾತ್ರ ತುಂಬಿದ ಜಾಗ ಹಲ್ಲಿನ ಸಿಮೆಂಟ್ ಥರ ಬೇರೆ ಬಿಳುಪಾಗಿ ಕಾಣುತ್ತದೆ. ಹಳೆಯ, ಬೆಲೆಬಾಳುವ ಗಿಟಾರ್ ಆಗಿದ್ದರೆ ನಾನು ಇದಕ್ಕೆ ಕೈ ಹಾಕುತ್ತಿರಲಿಲ್ಲ, ಮೂಳೆಯ ಹೊಸ ನಟ್ ಹಾಕಿಸುತ್ತಿದ್ದೆ. ನನ್ನಂಥ ಗಿಟಾರಿಗೆ, ಗೇಜಿನ ಖರ್ಚು ಸೇರಿಸಿಯೂ, ಧಾರಾಳವಾಗಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಆ ಒಂದು ಅಂಕ ಸೋಡಾದ್ದಲ್ಲ, ನನ್ನದು.

ಮೊನ್ನೆ ಮಗಳು "ಅಪ್ಪಾ, ಮೊದಲ ತಂತಿ ಏನೋ ಗುಯ್ಗುಡುತ್ತೆ" ಅಂದಳು. ಕಾಗದದ ಚೂರು ಇಟ್ಟು ನೋಡಿದೆ, ನಿಂತಿತು. ಮೊದಲ ತಂತಿ 12, ಅಂದರೆ 0.30 ಮಿಲಿಮೀಟರ್. ಎರಡು ಸಲ ನನ್ನನ್ನು ಸತಾಯಿಸಿದ ಆ 0.35ರ ಪಟ್ಟಿಯನ್ನು ಎಸೆದಿರಲಿಲ್ಲ, ಡ್ರಾಯರ್‌ನಲ್ಲೇ ಇತ್ತು. ಈ ಭಾನುವಾರ ಅದಕ್ಕೆ ಕೆಲಸ ಇದೆ.